ಡಯಾಲಿಸಿಸ್ ಫ್ರೀ, ಬಸ್ಸಿನ ಟಿಕೆಟ್ ಯಾರು ಕೊಡ್ತಾರೆ?

ಸಂಪಾದಕರಿಗೆ ನಮಸ್ಕಾರ,

ಮಾರ್ಚ್ ತಿಂಗಳ ಎರಡನೇ ಗುರುವಾರ ಕಿಡ್ನಿ ದಿನ ಅಂತೆ, ಆ ದಿನ ನಿಮ್ಮ ಪೇಪರಲ್ಲಿ ಅರ್ಧ ಪುಟ ಬಂದಿತ್ತು, ನೀರು ಜಾಸ್ತಿ ಕುಡೀರಿ, ವಾಕಿಂಗ್ ಮಾಡಿ, ಉಪ್ಪು ಕಮ್ಮಿ ಮಾಡಿ ಅಂತ. ನಾನು ಅದನ್ನ ಓದಿದ್ದು ಡಯಾಲಿಸಿಸ್ ರೂಮಿನ ಹೊರಗಿನ ಬೆಂಚಿನ ಮೇಲೆ ಕೂತ್ಕೊಂಡು. ಒಳಗೆ ನನ್ನ ಅಣ್ಣ ಮಲಗಿದ್ದ, ಕಿಡ್ನಿ ಮಾಡ್ಬೇಕಾದ ರಕ್ತ ಶುದ್ಧ ಮಾಡೋ ಕೆಲಸ ಮಷಿನ್ ಮಾಡ್ತಾ ಇತ್ತು. ಅವನಿಗೆ ದಿನಕ್ಕೆ ಒಂದು ಲೀಟರ್ ನೀರು ಅಷ್ಟೇ, ಗಂಜಿ ತಿಳಿ, ಚಾ, ಮಾತ್ರೆ ನುಂಗೋ ನೀರು ಎಲ್ಲ ಸೇರಿ ಒಂದು ಲೀಟರ್, ಅದೂ ಅಂಕೋಲಾದ ಏಪ್ರಿಲ್ ಸೆಕೆಯಲ್ಲಿ. ಮೂತ್ರವೇ ಹೋಗದವನಿಗೆ ಕುಡಿದ ನೀರು ಹೋಗೋದಾದ್ರೂ ಎಲ್ಲಿಗೆ, ಮೊದ್ಲು ಕಾಲಿಗೆ, ಆಮೇಲೆ ಶ್ವಾಸಕೋಶಕ್ಕೆ. ಪೇಪರ್ ಅವನಿಗೆ ತೋರಿಸ್ಲಿಲ್ಲ. ತೋರಿಸಿದ್ರೆ ನಗ್ತಿದ್ದ ಬಿಡಿ.

ಬರೆದದ್ದು ತಪ್ಪು ಅಂತಲ್ಲ. ಕಿಡ್ನಿ ಇನ್ನೂ ಚಲೋ ಇರೋರಿಗೆ ಬರೆದದ್ದು ಅದು. ಕಿಡ್ನಿ ಹೋದೋರ ಬಗ್ಗೆ, ಅದರಲ್ಲೂ ನಮ್ಮ ಉತ್ತರ ಕನ್ನಡದಲ್ಲಿ ಕಿಡ್ನಿ ಹೋದೋರ ಬಗ್ಗೆ ಯಾರಾದ್ರೂ ಬರೀಬೇಕಲ್ಲ, ಹಾಗಾಗಿ ನಾನೇ ಬರೀತಾ ಇದ್ದೇನೆ. ನಾನು ಡಾಕ್ಟ್ರಲ್ಲ, ಸಣ್ಣದೊಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಮೂರು ವರ್ಷದಿಂದ ವಾರಕ್ಕೆ ಎರಡು ದಿನ ಆ ಬೆಂಚು ಕಾಯ್ತಾ ಇದ್ದೇನೆ ಅಷ್ಟೇ ನನ್ನ ಡಿಗ್ರಿ.

ಅಣ್ಣ ಬೋಟಿನ ತಾಂಡೇಲ, ಅಂದ್ರೆ ಬೋಟು ನಡೆಸೋ ಮುಖ್ಯಸ್ಥ, ಆಗಿದ್ದೋನು. ಇಪ್ಪತ್ತೈದು ವರ್ಷ ಸಮುದ್ರ. ಬಲೆ ಎಳೆದು ಸೊಂಟ ನೋವು ಅಂತ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಗೊಳ್ಳೋದು, ಬೋಟಲ್ಲಿ ಎಲ್ರೂ ತಗೊಳ್ತಾರೆ, ಐಸ್ ಡಬ್ಬಿ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಅದೇ ಇರ್ತದೆ, ಅದು ಕಿಡ್ನಿಗೆ ಪೆಟ್ಟು ಅಂತ ಯಾರಿಗೆ ಗೊತ್ತು. ಕಾಲು ಬಾತಾಗ ಉಪ್ಪು ನೀರಿಗೆ ಹೀಗೇ ಆಗೋದು ಅಂದ, ಊಟ ಸೇರದಾಗ ಪಿತ್ತ ಅಂದ. ಜೂನ್ ಜುಲೈ 61 ದಿನ ಮೀನುಗಾರಿಕೆ ಬಂದ್ ಇರ್ತದಲ್ಲ, ಮನೇಲಿ ಕೂತಾಗ್ಲೇ ಗೊತ್ತಾಗಿದ್ದು, ಎರಡು ಮೆಟ್ಲು ಹತ್ತೋಕೆ ಏದುಸಿರು. ಬಿಪಿ 210. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೊರಗೆ ಹಾಕದೆ ರಕ್ತದಲ್ಲೇ ಉಳಿಯೋ ಕಸ, 9.8. ಒಂದರ ಆಸುಪಾಸು ಇರಬೇಕಾದದ್ದು. ಡಾಕ್ಟ್ರು ಸಿಟ್ಟಲ್ಲಿ ಇಷ್ಟು ದಿನ ಎಲ್ಲಿದ್ರಿ ಅಂತ ಕೇಳಿದ್ರು, ಅಣ್ಣ ಮೆಲ್ಲಗೆ "ಸಮುದ್ರದಲ್ಲಿ" ಅಂದ. ಜೋಕ್ ಮಾಡಿದ್ದಲ್ಲ ಅವನು, ನಿಜವೇ ಹೇಳಿದ್ದು.

ಈ ಕಿಡ್ನಿ ಅನ್ನೋದು ಮುಕ್ಕಾಲು ಪಾಲು ಹೋಗೋವರೆಗೂ ಸುಮ್ಮನಿರ್ತದೆ. ನೋವಿಲ್ಲ, ಜ್ವರ ಇಲ್ಲ. ಗೊತ್ತಾಗಬೇಕಾದ್ರೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡ್ಬೇಕು, ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೋಗ್ತದಾ ನೋಡ್ಬೇಕು, ಎರಡೂ ಸಣ್ಣ ಟೆಸ್ಟು, ದೊಡ್ಡ ಮಷಿನ್ ಏನೂ ಬೇಡ. ಶುಗರ್ ಬಿಪಿ ಇದ್ದೋರಿಗೆ ವರ್ಷಕ್ಕೊಮ್ಮೆ ಮಾಡಿದ್ರೂ ಬೇಗ ಸಿಕ್ಕಿ ಬೀಳ್ತದೆ, ಬೇಗ ಸಿಕ್ರೆ ಮಾತ್ರೆಯಲ್ಲೇ ಹತ್ತು ಹದಿನೈದು ವರ್ಷ ಮುಂದೆ ದೂಡಬಹುದು ಅಂತ ಡಾಕ್ಟ್ರೇ ಹೇಳ್ತಾರೆ. ನಮ್ಮೂರಿಗೆ ಆಶಾ ಅಕ್ಕ ಬರ್ತಾರೆ, ಬಿಪಿ ಶುಗರ್ ನೋಡ್ತಾರೆ, ಪಾಪ ಅವರದ್ದೇನೂ ತಪ್ಪಿಲ್ಲ. ಅವರು ಬರೋದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಗಂಡಸರು ಬೋಟಲ್ಲಿ, ಹೆಂಗಸರು ಮೀನು ಬುಟ್ಟಿ ಹೊತ್ತು ಪೇಟೇಲಿ. ಬಂದರಿಗೆ ಬನ್ನಿ, ಐಸ್ ತುಂಬೋ ಹೊತ್ತಿಗೆ ಬನ್ನಿ, ಆ ಎರಡು ತಿಂಗಳು ಬಂದ್ ಇದ್ದಾಗ ಬನ್ನಿ, ಎಲ್ರೂ ಸಿಗ್ತಾರೆ. ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿಲ್ವಾ ಅಂತ ನನಗೆ ಆಶ್ಚರ್ಯ.

ಟೆಸ್ಟ್ ಮಾಡ್ಸಿದ್ರೂ ಒಂದು ತೊಡಕುಂಟು. ಬೆಂಚಲ್ಲಿ ಪರಿಚಯ ಆದ ಒಬ್ರು ಅಜ್ಜಿ, ಅರವತ್ತೈದು ವರ್ಷ, ಗಾಳಿಗೆ ಹಾರಿ ಹೋಗೋ ಹಾಗಿದ್ದಾರೆ, ಅವರಿಗೆ ಮೊದ್ಲು ಕ್ರಿಯಾಟಿನಿನ್ 1.2 ಬಂದಾಗ ಎಲ್ಲ ನಾರ್ಮಲ್ ಅಂತ ಕಳಿಸಿದ್ರಂತೆ. ಈ ಕ್ರಿಯಾಟಿನಿನ್ ಬರೋದು ಮಾಂಸಖಂಡದಿಂದ, ಮೈಯಲ್ಲಿ ಮಾಂಸವೇ ಇಲ್ಲದ ಹೆಂಗಸಿನಲ್ಲಿ 1.2 ಅಂದ್ರೆ ಕಿಡ್ನಿ ಶಕ್ತಿ ಲೆಕ್ಕ ಹಾಕಿದ್ರೆ 50ರ ಹತ್ತಿರ ಬರ್ತದೆ, 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತ್ರೆ ಅದು ಕಾಯಿಲೆ. ವಯಸ್ಸು ಮತ್ತೆ ಗಂಡೋ ಹೆಣ್ಣೋ ಹಾಕಿದ್ರೆ ಮೊಬೈಲೇ ಲೆಕ್ಕ ಮಾಡಿ ಕೊಡ್ತದೆ. ಲ್ಯಾಬಿನ ಚೀಟಿಯಲ್ಲಿ ಆ ಇಜಿಎಫ್‌ಆರ್ ಅನ್ನೋ ಒಂದು ಸಂಖ್ಯೆ ಪ್ರಿಂಟ್ ಹಾಕಿ ಅಂದ್ರೆ ಇವತ್ತಿಗೂ ಎಷ್ಟೋ ಲ್ಯಾಬಲ್ಲಿ ಇಲ್ಲ.

ಈ ಲೆಕ್ಕದ ವಿಷಯದಲ್ಲಿ ಅಮೆರಿಕದ್ದೊಂದು ಕತೆ ಓದಿದೆ. ಅಲ್ಲಿ ಕಪ್ಪು ಜನರಿಗೆ ಕಿಡ್ನಿ ಫೇಲ್ ಆಗೋದು ಬಿಳಿಯರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಆದ್ರೆ ಡಾಕ್ಟ್ರುಗಳ ಸೂತ್ರದಲ್ಲೇ, ರೋಗಿ ಕಪ್ಪು ಅಂದ್ರೆ ಬಂದ ಉತ್ತರವನ್ನ ಇನ್ನೂ ಸುಮಾರು ಶೇ.16 ಏರಿಸ್ತಿದ್ರು, ಅಂದ್ರೆ ಕಾಗದದ ಮೇಲೆ ಅವರ ಕಿಡ್ನಿ ಇದ್ದದ್ದಕ್ಕಿಂತ ಚಲೋ ಕಾಣ್ತಿತ್ತು, ಟ್ರಾನ್ಸ್‌ಪ್ಲಾಂಟ್ ಲಿಸ್ಟಿಗೆ ಹೆಸರು ತಡವಾಗಿ ಹೋಗ್ತಿತ್ತು. 2021ರಲ್ಲಿ ಆ ಗುಣಾಕಾರ ತೆಗೆದು ಹಾಕಿದ್ರು. ಅಲ್ಲಿ 1972ರಲ್ಲೇ ಕಾನೂನು ಮಾಡಿ ಹೆಚ್ಚುಕಮ್ಮಿ ಎಲ್ರಿಗೂ ಸರ್ಕಾರದ ದುಡ್ಡಲ್ಲಿ ಡಯಾಲಿಸಿಸ್ ಉಂಟು, ಆದ್ರೂ ಹೀಗೆ. ನಮ್ಮಲ್ಲಿ ಬಣ್ಣದ ಸೂತ್ರ ಇಲ್ಲ. ನಮ್ಮಲ್ಲಿ ಘಟ್ಟ ಉಂಟು, ಹೊಳೆ ಉಂಟು, ಬಸ್ಸಿನ ಟೈಮ್ ಟೇಬಲ್ ಉಂಟು.

ಈಗ ಒಳ್ಳೇದನ್ನೂ ಹೇಳ್ಬೇಕು, ಇಲ್ಲಾಂದ್ರೆ ಬರೀ ದೂರು ಅಂತೀರಿ. 2016ರಲ್ಲಿ ಕೇಂದ್ರ ಸರ್ಕಾರ ಡಯಾಲಿಸಿಸ್ ಯೋಜನೆ ತಂತು, ಆಮೇಲೆ ನಮ್ಮ ರಾಜ್ಯದಲ್ಲಿ ತಾಲೂಕು ಆಸ್ಪತ್ರೆವರೆಗೂ ಮಷಿನ್ ಬಂತು, ಬಿಪಿಎಲ್ ಕಾರ್ಡಿನೋರಿಗೆ ದುಡ್ಡಿಲ್ಲ. ಇದಿಲ್ಲ ಅಂದ್ರೆ ಅಣ್ಣ ಎರಡನೇ ತಿಂಗಳಿಗೇ ಹೋಗ್ತಿದ್ದ, ಬೋಟಿನ ಪಾಲು ಮಾರಿದ್ರೂ ಉಳಿಸೋಕೆ ಆಗ್ತಿರಲಿಲ್ಲ. ಒಳಗಿನ ಟೆಕ್ನಿಷಿಯನ್ ಹುಡುಗರು ಹುಡುಗಿಯರು ಚಿನ್ನದಂಥೋರು, ಅಣ್ಣನ ಮುಖ ನೋಡಿಯೇ ಇವತ್ತು ಎಷ್ಟು ಕೆಜಿ ನೀರು ತುಂಬಿದೆ ಅಂತ ಹೇಳ್ತಾರೆ, ಒಣಮೀನು ತಿಂದ್ರಾ ಅಂತ ಬೈತಾರೆ.

ಆದ್ರೆ ಮಷಿನ್ ಅನ್ನೋದು ಮಿಕ್ಸಿ ಅಲ್ಲ, ಪ್ಲಗ್ ಹಾಕಿದ್ರೆ ತಿರುಗೋಕೆ. ಒಬ್ಬ ರೋಗಿಯ ನಾಲ್ಕು ತಾಸಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ಆರ್‌ಓ ಪ್ಲಾಂಟಿಂದ ಬಂದದ್ದು. ಪ್ಲಾಂಟ್ ಕೆಟ್ರೆ ಆರು ಮಷಿನ್ನೂ ಒಟ್ಟಿಗೆ ಮಲಗ್ತವೆ. ನಾವು ಹೋಗೋ ಕಡೆ ಒಂದ್ಸಲ ಹೀಗಾಯ್ತು, ರಿಪೇರಿಯೋನು ಹುಬ್ಬಳ್ಳಿಯಿಂದ ಬರ್ಬೇಕು, ಘಟ್ಟದಲ್ಲಿ ಮಳೆ, ಬರೋಕೆ ಎರಡು ದಿನ ಹಿಡೀತು. ಆ ಎರಡು ದಿನ ಯಾರು ಎಲ್ಲಿಗೆ ಹೋಗ್ಬೇಕು? ದುಡ್ಡಿದ್ದೋರು ಕಾರು ಮಾಡ್ಕೊಂಡು ಗೋವಾಕ್ಕೋ ಮಣಿಪಾಲಕ್ಕೋ ಹೋದ್ರು. ಉಳಿದೋರು ನೀರು ಕುಡಿಯೋದು ಬಿಟ್ಟು ಕಾದ್ರು. ರಕ್ತದಿಂದ ಹರಡೋ ಲಿವರ್ ಸೋಂಕು ಹೆಪಟೈಟಿಸ್ ಸಿ ಪಾಸಿಟಿವ್ ಆದೋರ ಕತೆ ಇನ್ನೂ ಬೇರೆ, ಅವರಿಗೆ ಪ್ರತ್ಯೇಕ ಮಷಿನ್ ಬೇಕು, ಅದಿಲ್ಲದ ಕಡೆ ನಿಮಗೆ ಇಲ್ಲಿ ಆಗಲ್ಲ ಅಂತಾರೆ, ಅವರು ಮತ್ತೊಂದು ತಾಲೂಕು ದಾಟಬೇಕು.

ನಮ್ಮ ಮನೆಯಿಂದ ಹತ್ತಿರ ಇರೋ ಆಸ್ಪತ್ರೆಯಲ್ಲಿ ಶಿಫ್ಟ್ ಫುಲ್ ಅಂತ ಹೇಳಿ ಅಣ್ಣನಿಗೆ ಜಾಗ ಸಿಕ್ಕಿದ್ದು ಗಂಗಾವಳಿ ಹೊಳೆ ಆಚೆ ಕಡೆ. ಹೆದ್ದಾರಿ ಇದ್ದಾಗ ತೊಂದ್ರೆ ಇಲ್ಲ. 2024ರ ಜುಲೈ 16ಕ್ಕೆ ನಮ್ಮ ತಾಲೂಕಿನ ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿತ್ತಲ್ಲ, ಅದು ಮಂಗಳವಾರ, ಅಣ್ಣನ ಡಯಾಲಿಸಿಸ್ ಬುಧವಾರ. ಜನ ಮಣ್ಣಿನಡಿ ಸಿಕ್ಕಿದ್ದಾರೆ, ಇಡೀ ದೇಶ ಟಿವಿಯಲ್ಲಿ ನೋಡ್ತಾ ಇದೆ, ಆಗ ನಮ್ಮದೊಂದು ಡಯಾಲಿಸಿಸ್ ಅಂತ ಯಾರ ಹತ್ರ ಹೇಳೋದು, ಹೇಳೋಕೆ ನಾಚಿಕೆ ಆಗ್ತಿತ್ತು. ಬುಧವಾರ ತಪ್ಪಿತು. ಗುರುವಾರ ರಾತ್ರಿ ಅಣ್ಣ ಮಲಗೋಕೆ ಆಗದೆ ಗೋಡೆಗೆ ಒರಗಿ ಕೂತಿದ್ದ, ಎದೆಯಲ್ಲಿ ಗೊರಗೊರ ಶಬ್ದ, ಅತ್ತಿಗೆ ಬೀಸಣಿಗೆ ಹಿಡ್ಕೊಂಡು ಬೆಳಗಾಗೋ ತನಕ. ಶುಕ್ರವಾರ ರೈಲು ಹತ್ತಿ ಹೋದ್ವಿ. ಆಮೇಲೆ ರಸ್ತೆ ಬಿಡೋ ತನಕ ರೈಲೇ, ಆದ್ರೆ ರೈಲಿನ ಟೈಮಿಗೂ ಡಯಾಲಿಸಿಸ್ ಶಿಫ್ಟಿನ ಟೈಮಿಗೂ ಹುಟ್ಟಾ ವೈರ, ನಾಲ್ಕು ತಾಸಿಗೆ ಬದ್ಲು ಎರಡೂವರೆ ತಾಸಿಗೇ ಎಬ್ಬಿಸಿ ಸ್ಟೇಷನ್ನಿಗೆ ಓಡಿದ ದಿನವೂ ಉಂಟು. ರಿಜಿಸ್ಟರಲ್ಲಿ ಮಾತ್ರ ಅದೂ ಒಂದು ಡಯಾಲಿಸಿಸ್ ಅಂತಲೇ ಬರೀತಾರೆ.

ಅದಕ್ಕೂ ಎರಡು ವರ್ಷ ಹಿಂದೆ, 2022ರ ಜುಲೈನಲ್ಲಿ, ಇನ್ನೊಂದು ಶಿರೂರಲ್ಲಿ, ಬೈಂದೂರು ಹತ್ರದ ಟೋಲ್ ಗೇಟಿನ ಶಿರೂರು, ಹೊನ್ನಾವರದಿಂದ ರೋಗಿ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಪಲ್ಟಿ ಆಗಿ ನಾಲ್ಕು ಜನ ಸತ್ರು. ಆಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಹುಡುಗರೆಲ್ಲ ಟ್ವಿಟರಲ್ಲಿ ಎದ್ದು ನಿಂತ್ರು, ನಿಮ್ಮ ಪೇಪರಲ್ಲೂ ದಿನಾ ಬರ್ತಿತ್ತು. ಎಲೆಕ್ಷನ್ ಬಂತು, ಹೋಯ್ತು. ನಮ್ಮದು 10,291 ಚದರ ಕಿಲೋಮೀಟರ್ ಜಿಲ್ಲೆ, 2011ರ ಲೆಕ್ಕದಲ್ಲೇ ಹದಿನಾಲ್ಕು ಲಕ್ಷ ಚಿಲ್ಲರೆ ಜನ, ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದು ವರ್ಷಗಳೇ ಆಯ್ತು, ಆದ್ರೂ ದೊಡ್ಡ ಕಾಯಿಲೆ ಅಂದ ಕೂಡ್ಲೇ ಕಾರವಾರದೋರು ಗೋವಾ ಕಡೆ, ಭಟ್ಕಳದೋರು ಮಣಿಪಾಲ ಕಡೆ, ಶಿರಸಿಯೋರು ಹುಬ್ಬಳ್ಳಿ ಕಡೆ ಮುಖ ಮಾಡ್ತಾರೆ. ಒಂದೇ ಜಿಲ್ಲೆಯೋರು ಮೂರು ದಿಕ್ಕಿಗೆ ಓಡ್ತೇವೆ.

ಸೂಪರ್ ಸ್ಪೆಷಾಲಿಟಿ ಬರೋವಾಗ ಬರ್ಲಿ. ಕಿಡ್ನಿಯ ಮಟ್ಟಿಗೆ ಅಷ್ಟು ದೊಡ್ಡ ಕಟ್ಟಡವೇ ಬೇಕು ಅಂತ ನನಗೆ ಅನ್ನಿಸಲ್ಲ, ಬೇರೆಯೋರು ಒಪ್ಪದಿರಬಹುದು. ಫಿಸ್ಟುಲಾ ಆಪರೇಷನ್ನನ್ನೇ ತಗೊಳ್ಳಿ. ಕೈಯಲ್ಲಿ ರಕ್ತನಾಳ ಎರಡನ್ನ ಜೋಡಿಸಿ ಹೊಲಿಯೋದು, ಅದು ಗಟ್ಟಿ ಆಗೋಕೆ ಆರೆಂಟು ವಾರ ಬೇಕು, ಆಮೇಲೆ ಅದಕ್ಕೇ ಸೂಜಿ ಚುಚ್ಚಿ ಡಯಾಲಿಸಿಸ್. ಮೇಲೆ ಕೈಯಿಟ್ರೆ ಬೋಟಿನ ಇಂಜಿನ್ ತರ ಝುಮ್ ಅಂತದೆ. ಕಾಯಿಲೆ ಮೊದಲೇ ಗೊತ್ತಾದೋರು ಇದನ್ನ ಮುಂಚೆನೇ ಮಾಡಿಸ್ಕೊಂಡು ರೆಡಿ ಇರ್ತಾರೆ. ಅಣ್ಣನಂಥೋರು ಕೊನೇ ಗಳಿಗೆಯಲ್ಲಿ ಹೋಗೋರು, ಅವರಿಗೆ ಕುತ್ತಿಗೆಯಲ್ಲಿ ಪೈಪ್ ಹಾಕ್ತಾರೆ, ಆ ಪೈಪಿಗೆ ಇನ್ಫೆಕ್ಷನ್ ಬೇಗ. ಫಿಸ್ಟುಲಾಕ್ಕೆ ಅಂತ ಜಿಲ್ಲೆ ಬಿಟ್ಟು ದೂರ ಹೋಗ್ಬೇಕು, ತಾರೀಕು ಸಿಗ್ಬೇಕು, ದುಡ್ಡು ಹೊಂದಿಸ್ಬೇಕು ಅಂತ ನಾಲ್ಕು ತಿಂಗಳು ಪೈಪಲ್ಲೇ ಕಳೆದ. ಎರಡು ಸಲ ಚಳಿ ಜ್ವರ ಬಂದು ಸಾಯೋ ಹಾಗಾದ. ತಿಂಗಳಿಗೆ ಒಂದು ದಿನ ಒಬ್ಬ ಸರ್ಜನ್, ಒಬ್ಬ ನೆಫ್ರಾಲಜಿಸ್ಟ್, ಅಂದ್ರೆ ಕಿಡ್ನಿ ಡಾಕ್ಟ್ರು, ಕಾರವಾರಕ್ಕೋ ಶಿರಸಿಗೋ ಬಂದು ಕೂತ್ರೆ ಸಾಕಿತ್ತು. ಮೂರು ವರ್ಷದಲ್ಲಿ ಅಣ್ಣ ಕಿಡ್ನಿ ಡಾಕ್ಟ್ರ ಮುಖ ನೋಡಿದ್ದು ಐದು ಸಲ, ಐದೂ ಸಲ ಜಿಲ್ಲೆಯ ಹೊರಗೆ.

ಇನ್ನು ದುಡ್ಡಿನ ಮಾತು. ಡಯಾಲಿಸಿಸ್ ಫ್ರೀ. ಬಸ್ಸು, ಆಟೋ, ಮಧ್ಯಾಹ್ನದ ಊಟ ಸೇರಿ ದಿನಕ್ಕೆ ನಾನ್ನೂರು ಖರ್ಚು, ಜೊತೆಗೆ ಹೋದೋರ ಸಂಬಳ ಕಟ್. ರಕ್ತ ಏರಿಸೋ ಇಂಜೆಕ್ಷನ್ ಸ್ಟಾಕ್ ಇಲ್ಲ ಅಂದ ವಾರ ಹೊರಗಿಂದ ತರ್ಬೇಕು, ಒಂದಕ್ಕೆ ಸಾವಿರದ ಆಸುಪಾಸು. ಡಾಕ್ಟ್ರು ಬರೆದಿರೋದು ವಾರಕ್ಕೆ ಮೂರು ಡಯಾಲಿಸಿಸ್, ನಾವು ಹೋಗೋದು ಎರಡು. ಆ ಮೂರನೇದ್ದು ಮಷಿನ್ ಇಲ್ಲ ಅಂತ ತಪ್ಪಿದ್ದಲ್ಲ, ದಾರಿ ಖರ್ಚಿಗೆ ತಪ್ಪಿದ್ದು. ಇದನ್ನ ಯಾವ ರಿಪೋರ್ಟಲ್ಲಿ ಬರೀತಾರೆ ಹೇಳಿ.

ತಮಾಷೆ ಏನಂದ್ರೆ 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಬಸ್ಸಲ್ಲಿ ಅತ್ತಿಗೆಗೆ ಟಿಕೆಟ್ ಇಲ್ಲ, ಪಕ್ಕದಲ್ಲಿ ಕೂತ ರೋಗಿಗೆ ಟಿಕೆಟ್ ಉಂಟು. ಹೆಂಗಸರಿಗೆ ಕೊಟ್ಟದ್ದು ಬೇಡ ಅಂತ ಖಂಡಿತ ಹೇಳ್ತಾ ಇಲ್ಲ, ನಮ್ಮ ಅತ್ತಿಗೆಯ ಎಷ್ಟೋ ದುಡ್ಡು ಉಳಿದಿದೆ ಅದರಿಂದ. ಡಯಾಲಿಸಿಸ್ ಕಾರ್ಡ್ ತೋರಿಸಿದೋರನ್ನೂ ಸೇರಿಸಿ ಅಂತ ಅಷ್ಟೇ. ರೈಲಲ್ಲಿ ಕಿಡ್ನಿ ರೋಗಿಗೆ, ಜೊತೆಯ ಒಬ್ಬರಿಗೂ, ಸ್ಲೀಪರಲ್ಲಿ ಶೇ.75 ರಿಯಾಯಿತಿ ಉಂಟು, ಡಾಕ್ಟ್ರ ಸರ್ಟಿಫಿಕೇಟ್ ತೋರಿಸ್ಬೇಕು, ಕರಾವಳಿಯ ರೋಗಿಗಳು ಇದನ್ನ ತಿಳ್ಕೊಳ್ಳಿ. ಶಿರಸಿ ಸಿದ್ದಾಪುರದೋರಿಗೆ ರೈಲೇ ಇಲ್ಲ, ರಿಯಾಯಿತಿ ತಗೊಂಡು ಏನು ಮಾಡ್ತಾರೆ. ಆಂಧ್ರದಲ್ಲಿ ಡಯಾಲಿಸಿಸ್ ರೋಗಿಗೆ ಸರ್ಕಾರ ತಿಂಗಳಿಗೆ 10,000 ರೂಪಾಯಿ ಪಿಂಚಣಿ ಕೊಡ್ತದೆ, ಅಲ್ಲಿ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕಡೆ ಊರಿಗೆ ಊರೇ ಕಿಡ್ನಿ ಕಾಯಿಲೆ ಆಗಿ ಗಲಾಟೆ ಆದ್ಮೇಲೆ ಸರ್ಕಾರ ಎಚ್ಚರ ಆಯ್ತು. ಇಲ್ಲಿ ಅಣ್ಣನಿಗೆ ಅಂಗವಿಕಲರ ಪಿಂಚಣಿಯಾದ್ರೂ ಸಿಗ್ತದಾ ಅಂತ ಕೇಳಿದ್ರೆ 2016ರ ಕಾನೂನಿನ 21 ಅಂಗವೈಕಲ್ಯದಲ್ಲಿ ಕಿಡ್ನಿ ಇಲ್ಲ ಅಂದ್ರು. ಹೌದು, ಇಲ್ಲ, ನಾನೇ ಪಟ್ಟಿ ನೋಡಿದೆ. ಸಮುದ್ರಕ್ಕೆ ಹೋಗೋ ಹಾಗಿಲ್ಲ, ಐದು ಕೆಜಿ ಎತ್ತೋ ಹಾಗಿಲ್ಲ, ಆದ್ರೆ ಸರ್ಕಾರದ ಲೆಕ್ಕದಲ್ಲಿ ಅವನು ಗಟ್ಟಿಮುಟ್ಟಾದ ಗಂಡಸು.

ಘಟ್ಟದ ಮೇಲಿನೋರ ಪಾಡು ನೋಡಿದ್ರೆ ನಮ್ಮದೇ ವಾಸಿ. ಯಲ್ಲಾಪುರ ಕಡೆಯ ಸಿದ್ದಿ ಜನಾಂಗದ ಒಬ್ಬ ಹುಡುಗ ಬರ್ತಿದ್ದ, ಮೂವತ್ತು ವರ್ಷ ಇರಬಹುದು, ಕಾಡೊಳಗಿನ ಮನೆಯಿಂದ ಟಾರ್ ರಸ್ತೆಗೆ ಬರೋಕೇ ನಾಲ್ಕು ಕಿಲೋಮೀಟರ್ ನಡಿಗೆ. ಡಯಾಲಿಸಿಸ್ ಮುಗಿದ್ಮೇಲೆ ಬಿಪಿ ಇಳಿದು ತಲೆ ತಿರುಗ್ತದೆ, ಆ ಹೊತ್ತಲ್ಲಿ ವಾಪಸ್ ನಡೀಬೇಕು. ಮಳೆಗಾಲ ಶುರು ಆದ್ಮೇಲೆ ಅವನು ಬರ್ಲಿಲ್ಲ. ಬೇರೆ ಕಡೆ ಹೋದ್ನೋ ಏನೋ ಅಂತ ನಾವು ಒಬ್ರಿಗೊಬ್ರು ಹೇಳ್ಕೊಂಡ್ವಿ, ಹೇಳ್ಕೊಳ್ಳೋವಾಗ ಯಾರೂ ಯಾರ ಮುಖವನ್ನೂ ನೋಡ್ಲಿಲ್ಲ. ಇಂಥೋರಿಗೆ ಹೊಟ್ಟೆಯ ಡಯಾಲಿಸಿಸ್ ಅಂತ ಉಂಟು, ಹೊಟ್ಟೆಗೆ ಒಂದು ಸಣ್ಣ ಪೈಪ್, ದಿನಕ್ಕೆ ಮೂರ್ನಾಲ್ಕು ಸಲ ಎರಡೆರಡು ಲೀಟರಿನ ಬ್ಯಾಗ್ ಒಳಗೆ ಬಿಟ್ಟು ಹೊರಗೆ ತೆಗೆಯೋದು, ಮನೇಲೇ ಮಾಡ್ಕೋಬಹುದು. ಕೈ ಚೊಕ್ಕ ಇರ್ಬೇಕು, ಒಂದು ಮೂಲೆ ಚೊಕ್ಕ ಇರ್ಬೇಕು. ತಮಿಳುನಾಡಲ್ಲಿ 2021ರಿಂದ ಮನೆ ಬಾಗಿಲಿಗೇ ಬ್ಯಾಗ್ ತಲುಪಿಸ್ತಾರೆ. ಯಾರಾದ್ರೂ ನಮ್ಮ ಬೆಂಚಿಗೆ ಬಂದು ಹೀಗೊಂದು ಉಂಟು ಅಂತ ಹೇಳಿದ್ದೇ ಇಲ್ಲ.

ಒಳಗೆ ಆರು ಮಷಿನ್ ಅಂದೆನಲ್ಲ, ನಮ್ಮ ಶಿಫ್ಟಲ್ಲಿ ಐದು ಗಂಡಸರು, ಒಬ್ಬಳೇ ಹೆಂಗಸು. ಹೆಂಗಸರಿಗೆ ಕಿಡ್ನಿ ಕಾಯಿಲೆ ಬರೋದೇ ಇಲ್ವಾ? ಬರ್ತದೆ. ಅವರನ್ನ ಕರ್ಕೊಂಡು ಬರೋರಿಲ್ಲ. ಕಿಡ್ನಿ ಕೊಡೋ ಪ್ರಶ್ನೆ ಬಂದಾಗ ಮಾತ್ರ ಎಲ್ರಿಗೂ ಮೊದ್ಲು ಅವರ ನೆನಪಾಗ್ತದೆ, ಬದುಕಿರೋವಾಗ್ಲೇ ಕಿಡ್ನಿ ಕೊಟ್ಟೋರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಜಾಸ್ತಿ, ತಗೊಂಡೋರಲ್ಲಿ ಗಂಡಸರು. ನಮ್ಮನೇಲೂ ಅದೇ, ಅತ್ತಿಗೆ ನಂದೇ ಕೊಡ್ತೇನೆ ಅಂತ ಮೊದಲ ವಾರವೇ ಹೇಳಿ ಬಿಟ್ಲು, ರಕ್ತದ ಗುಂಪು ಹೊಂದಲಿಲ್ಲ. ನಾನು? ನನಗೆ ಶುಗರ್. ಅದು ಗೊತ್ತಾದಾಗ ನನಗೆ ಒಳಗೊಳಗೆ ಸ್ವಲ್ಪ ನಿರಾಳ ಆದದ್ದೂ ನಿಜ, ಯಾಕೆ ಸುಳ್ಳು ಹೇಳ್ಬೇಕು. ಸತ್ತೋರ ಕಿಡ್ನಿಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸ್ಬೇಕಾದ್ರೆ ಯಾವುದಾದ್ರೂ ಟ್ರಾನ್ಸ್‌ಪ್ಲಾಂಟ್ ಆಸ್ಪತ್ರೆ ಮೂಲಕವೇ ಹೋಗ್ಬೇಕು. ಪಾಳಿ ಬಂದ ರಾತ್ರಿ ಫೋನ್ ಬರ್ತದೆ, ಕೆಲವೇ ತಾಸಲ್ಲಿ ಅಲ್ಲಿರಬೇಕು. ಬೆಂಗಳೂರಲ್ಲಿ ಮನೆ ಇದ್ದೋನು ಆಟೋ ಹಿಡೀತಾನೆ. ನಾವು ಮಳೆಗಾಲದ ರಾತ್ರಿ ಅರಬೈಲು ಘಟ್ಟ ಹತ್ತಬೇಕು.

ಊಟದ ಪಟ್ಟಿ ಬಗ್ಗೆ ಒಂದು ಮಾತು ಹೇಳಿ ಬಿಡ್ತೇನೆ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಚಪಾತಿ, ಪನೀರ್, ಆ್ಯಪಲ್ ಅಂತೆಲ್ಲ ಇತ್ತು. ನಮ್ಮಲ್ಲಿ ಕುಚಲಕ್ಕಿ ಗಂಜಿ, ಮೀನು ಸಾರು. ಒಣಮೀನು, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಇದರ ಬಗ್ಗೆ ಒಂದಕ್ಷರ ಇಲ್ಲ. ಸುಸ್ತಾದೋರಿಗೆ ಊರೋರು ಪ್ರೀತಿಯಿಂದ ಎಳನೀರು ತಂದು ಕೊಡ್ತಾರೆ, ಡಯಾಲಿಸಿಸ್ ರೋಗಿಗೆ ಎಳನೀರಿನ ಪೊಟ್ಯಾಸಿಯಂ ಹೃದಯ ನಿಲ್ಲಿಸಿ ಬಿಡಬಹುದು. ಹಿತ್ತಲಿನ ಧಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣು ಕಿಡ್ನಿ ಹೋದೋರಿಗೆ ನೇರ ವಿಷ, ತಲೆಗೆ ಏರ್ತದೆ. ಬಿಂಬುಳಿ ರಸ ಶುಗರಿಗೆ ಒಳ್ಳೇದು ಅಂತ ಲೋಟಗಟ್ಟಲೆ ಕುಡಿದು ಕಿಡ್ನಿ ಕಳ್ಕೊಂಡೋರಿದ್ದಾರೆ. ಮುಂದಿನ ವರ್ಷ ಕಿಡ್ನಿ ದಿನಕ್ಕೆ ಅರ್ಧ ಪುಟ ಕೊಡೋವಾಗ ದಯವಿಟ್ಟು ಇದನ್ನ ಹಾಕಿ.

ಪತ್ರ ಉದ್ದ ಆಯ್ತು, ಗೊತ್ತು. ಕತ್ತರಿಸ್ಲೇ ಬೇಕು ಅಂದ್ರೆ ಅಮೆರಿಕದ ಭಾಗ ತೆಗೀರಿ, ಬಸ್ಸಿನ ಭಾಗ ಇರ್ಲಿ. ಮತ್ತೆ ನಿಮ್ಮ ವರದಿಗಾರರು ಹೊಸ ಮಷಿನ್ ಉದ್ಘಾಟನೆ ದಿನ ಮಂತ್ರಿಗಳ ಜೊತೆ ಬರ್ತಾರೆ, ಫೋಟೋ ಚಲೋ ಬರ್ತದೆ. ಒಂದು ಬುಧವಾರ ನಮ್ಮ ಜೊತೆ ಬರ್ಲಿ. ಮೊದಲ ಬಸ್ಸು ಐದೂ ಮುಕ್ಕಾಲಿಗೆ, ಅಂಕೋಲಾ ಸ್ಟ್ಯಾಂಡಿಗೆ ಐದೂವರೆಗೇ ಬಂದ್ರೆ ಒಳ್ಳೇದು, ಆಮೇಲೆ ಸೀಟು ಸಿಗಲ್ಲ. ಅಣ್ಣನಿಗೆ ಕಿಟಕಿ ಪಕ್ಕ ಬೇಕು, ಅದೊಂದು ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಕೂರಬಹುದು.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ಓದುಗ